ಕ್ಯಾಮ್ ಬೇರಿಂಗಿನ ಮೇಲೊಂದು ಗೀರು: ಬಿಡಬೇಕೇ, ಬದಲಿಸಬೇಕೇ?

ಬ್ಲಾಕು ಬೋರಿಂಗಿಗೆ ಹೋಗಿ ಬಂದು, ಕ್ರ್ಯಾಂಕು ಗ್ರೈಂಡಿಂಗ್ ಮುಗಿಸಿ, ಹೊಸ ಪಿಸ್ಟನ್ನಿನ ಡಬ್ಬಿ ಒಡೆಯುವ ಹೊತ್ತಿಗೆ ಗಿರಾಕಿಯ ಜೇಬು ಸಾಕಷ್ಟು ಹಗುರವಾಗಿರುತ್ತದೆ. ಕ್ಯಾಮ್‌ಶಾಫ್ಟ್ ಕೂರುವ ಜಾಗದಲ್ಲಿ ಗೆರೆ ಬಿದ್ದಿರುವುದು ಸಾಮಾನ್ಯವಾಗಿ ಆಗಲೇ ಕಣ್ಣಿಗೆ ಬೀಳುವುದು. ಮೊದಲೇ ನೋಡಿರುವುದಿಲ್ಲ, ಏಕೆಂದರೆ ಎಲ್ಲರ ಗಮನ ಕ್ರ್ಯಾಂಕಿನ ಮೇಲೆ. ಕ್ಯಾಮ್ ಪಾಪ, ಅದಕ್ಕೇನಾಗುತ್ತದೆ ಎಂಬ ಉಡಾಫೆ.

ಈ ಗೆರೆಯನ್ನು ಏನು ಮಾಡಬೇಕೆಂದು ಮುಂಬಯಿಯ ಕಾಂದಿವಲಿಯಲ್ಲಿ ಕೇಳಿದರೆ ರೈಲು ಹಳಿಯ ಪೂರ್ವಕ್ಕೊಂದು ಉತ್ತರ, ಪಶ್ಚಿಮಕ್ಕೊಂದು ಉತ್ತರ. ಪೂರ್ವದಲ್ಲಿ ಆಕುರ್ಲಿ ರಸ್ತೆಯ ಮಹೀಂದ್ರ ಕಾರ್ಖಾನೆ ಇದೆ. ಅದೇ ಕಂಪನಿಯ ಟ್ರ್ಯಾಕ್ಟರ್ ವಿಭಾಗ 2003ರಲ್ಲಿ ಗುಣಮಟ್ಟಕ್ಕಾಗಿ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆಯಿತು. ಅಲ್ಲಿನ ಲೆಕ್ಕ ಮೈಕ್ರಾನಿನದು. ಪಶ್ಚಿಮದಲ್ಲಿ ಚಾರ್ಕೋಪಿನ ಇಂಡಸ್ಟ್ರಿಯಲ್ ಎಸ್ಟೇಟಿನ ಗಾಳಾಗಳು (ಸಣ್ಣ ವರ್ಕ್‌ಶಾಪು ಮಳಿಗೆಗಳು), ಲೇಥಿನ ಸದ್ದು, ಕಟಿಂಗ್ ಆಯಿಲಿನ ವಾಸನೆ. ಅಲ್ಲಿ ಇಂದಿಗೂ ಮಾತು ‘ಥೌ’ಗಳಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲಿನಲ್ಲಿ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಆದರೆ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರಿಸುತ್ತಿದ್ದಾರೆಯೇ ಎಂಬುದು ಬೇರೆ ಮಾತು.

ಬುಶ್‌ನಿಂದ ಬರಿಯ ಅಲ್ಯೂಮಿನಿಯಂವರೆಗೆ

1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ತವರ, ಆಂಟಿಮನಿ, ತಾಮ್ರ ಬೆರೆಸಿದ ಮೆತ್ತನೆಯ ಲೋಹವನ್ನು ಬೇರಿಂಗಿಗೆ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ವರ್ಕ್‌ಶಾಪುಗಳ ‘ವೈಟ್ ಮೆಟಲ್’ ಅದೇ. ಅದರ ದೊಡ್ಡ ಗುಣ ಗಟ್ಟಿತನವಲ್ಲ, ಮೆತ್ತಗಿರುವುದು. ಎಣ್ಣೆಯ ಜೊತೆ ಬಂದ ಕಸದ ಕಣವನ್ನು ತನ್ನೊಳಗೆ ಹೂತುಕೊಂಡು ಶಾಫ್ಟನ್ನು ಉಳಿಸುತ್ತದೆ. ಅಂದರೆ ಗೀರು ಬೀಳಿಸಿಕೊಳ್ಳುವುದೇ ಆ ಲೋಹದ ಉದ್ಯೋಗ. ಇದನ್ನು ಮರೆತವರು ಬುಶ್ ಮೇಲೆ ಸಣ್ಣ ಗೆರೆ ಕಂಡೊಡನೆ ಗಾಬರಿಯಾಗುತ್ತಾರೆ.

1883ರಲ್ಲಿ ಇಂಗ್ಲೆಂಡಿನ ಬೋಶಾಂಪ್ ಟವರ್ ರೈಲಿನ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಹಾಕಲೆಂದು ಮೇಲೆ ಕೊರೆದ ತೂತಿನಿಂದ ಎಣ್ಣೆ ತಿರುಗಿ ಹೊರಗೆ ಬರತೊಡಗಿತು. ಬಿರಟೆ ಹಾಕಿದ, ತಳ್ಳಿತು. ಮರದ ಗೂಟ ಬಡಿದ, ಅದನ್ನೂ ತಳ್ಳಿತು. ತಿರುಗುವ ಶಾಫ್ಟು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಒತ್ತಡ ಕಟ್ಟಿ, ಅದರ ಮೇಲೆ ತೇಲುತ್ತದೆ ಎಂಬುದು ಹೀಗೆ ಗೊತ್ತಾಯಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದನ್ನು ಸಮೀಕರಣಕ್ಕೆ ಇಳಿಸಿದ. ಬೇರಿಂಗಿನ ಗೀರಿನ ಚರ್ಚೆಯಲ್ಲಿ ಕೊನೆಗೂ ಕೇಳಬೇಕಾದದ್ದು ಇಷ್ಟೇ: ಈ ಗೀರು ಆ ಎಣ್ಣೆಯ ಪದರವನ್ನು ಹರಿಯುತ್ತದೆಯೋ ಇಲ್ಲವೋ?

ಮುಂಬಯಿಯ ಮಟ್ಟಿಗೆ ಕಥೆ ಜೀಪಿನಿಂದ ಶುರು. ಮಹೀಂದ್ರದವರು ತಯಾರಿಸಿದ ವಿಲ್ಲಿಸ್ ಜೀಪಿನ ಪೆಟ್ರೋಲ್ ಎಂಜಿನ್ನಿನಲ್ಲಿ ಕ್ಯಾಮ್ ಬ್ಲಾಕಿನೊಳಗೆ ನಾಲ್ಕು ಕಡೆ ಕೂರುತ್ತದೆ. ಮುಂದಿನ ಒಂದೇ ಕಡೆ ಉಕ್ಕಿನ ಬೆನ್ನಿನ, ವೈಟ್ ಮೆಟಲ್ ಒಳಮೈಯ ಬುಶ್. ಉಳಿದ ಮೂರು ಕಡೆ ಬ್ಲಾಕಿನ ಬೀಡುಕಬ್ಬಿಣವನ್ನೇ ಕೊರೆದ ತೂತು. ಇಂದಿನ ಜಗಳದ ಎರಡೂ ಪಕ್ಷಗಳು, ಬುಶ್ ಮತ್ತು ಬರಿಯ ಲೋಹ, ಆ ಒಂದೇ ಬ್ಲಾಕಿನಲ್ಲಿ ಅಕ್ಕಪಕ್ಕ ಕುಳಿತಿದ್ದವು. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಹುಟ್ಟಿತು, ಕಾಂದಿವಲಿಯಲ್ಲಿ ಬಿ-275 ಟ್ರ್ಯಾಕ್ಟರುಗಳು ತಯಾರಾದವು. 1977ರಲ್ಲಿ ಆ ಕಂಪನಿ ಮಹೀಂದ್ರದಲ್ಲಿ ವಿಲೀನವಾಯಿತು. ಆ ಡೀಸೆಲ್ಲಿನಲ್ಲೂ ಕ್ಯಾಮ್ ಬ್ಲಾಕಿನೊಳಗೇ. ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ನಿನಲ್ಲೂ ಹಾಗೆಯೇ. ಮುಂಬಯಿಯ ಕಾಳೀ-ಪೀಲಿ ಟ್ಯಾಕ್ಸಿಗಳ ‘ಹಾಫ್ ಎಂಜಿನ್’, ‘ಫುಲ್ ಎಂಜಿನ್’ ಕೆಲಸ ಮಾಡಿಯೇ ಒಂದು ತಲೆಮಾರಿನ ಮಿಸ್ತ್ರಿಗಳು ಕೈ ಪಳಗಿಸಿಕೊಂಡರು. 2023ರ ಅಕ್ಟೋಬರ್ ಕೊನೆಗೆ ಕೊನೆಯ ಪದ್ಮಿನಿ ಟ್ಯಾಕ್ಸಿಯ ಇಪ್ಪತ್ತು ವರ್ಷದ ಅವಧಿ ಮುಗಿದು ಅದು ರಸ್ತೆಯಿಂದ ಇಳಿಯಿತು. ಆ ಮಿಸ್ತ್ರಿಗಳ ತೀರ್ಪು ಮಾತ್ರ ಗ್ಯಾರೇಜುಗಳಲ್ಲಿ ಇನ್ನೂ ಓಡಾಡುತ್ತಿದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 796 ಸಿಸಿ, ಮೂರು ಸಿಲಿಂಡರ್, ಕ್ಯಾಮ್ ತಲೆಯ ಮೇಲೆ. ಬುಶ್ ಇಲ್ಲ, ಮೇಲೆ ಬಿಗಿಯುವ ಕ್ಯಾಪೂ ಇಲ್ಲ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕೊರೆದ ಸುರಂಗಕ್ಕೆ ಒಂದು ತುದಿಯಿಂದ ಕ್ಯಾಮನ್ನು ತೂರಿಸುವುದು. ಹೆಡ್ಡೇ ಬೇರಿಂಗು. ಇದು ಕಂಜೂಸುತನವಲ್ಲ. ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಹೊರುವ ಭಾರ ಮುಖ್ಯವಾಗಿ ವಾಲ್ವ್ ಸ್ಪ್ರಿಂಗಿನದು, ಎಣ್ಣೆ ಒತ್ತಡದಿಂದ ಬರುತ್ತದೆ. ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಈ ಕೆಲಸಕ್ಕೆ ಧಾರಾಳ ಸಾಕು. ಆದರೆ ಕೆಟ್ಟಾಗ ಬೇರಿಂಗ್ ಎಂಬ ಬಿಡಿಭಾಗವೇ ಅಂಗಡಿಯಲ್ಲಿ ಸಿಗದು, ಇಡೀ ಹೆಡ್ಡೇ ಬಿಡಿಭಾಗ. ಇಂದಿನ ಜಗಳಕ್ಕೆಲ್ಲ ಮೂಲ ಇದು.

ಗೀರು ಯಾವ ಮಗ್ಗುಲಲ್ಲಿದೆ?

ಗೀರಿಗೆ ಬೇರೆ ಬೇರೆ ಮದ್ದು ಹೇಳುವ ಪಂಥಗಳಿಗೆ ಹೋಗುವ ಮುನ್ನ ಸ್ವಲ್ಪ ಯಂತ್ರಶಾಸ್ತ್ರ ಬೇಕು. ಬಹಳ ವಾದಗಳು ಬರಿಯ ಆಳದ ಸುತ್ತ ಗಿರಕಿ ಹೊಡೆಯುತ್ತವೆ. ದಿಕ್ಕು ಮತ್ತು ಜಾಗ ಅಷ್ಟೇ ಮುಖ್ಯ.

ಪದ್ಮಿನಿ, ಜೀಪು, ಟ್ರ್ಯಾಕ್ಟರುಗಳಲ್ಲಿ ಸ್ಪ್ರಿಂಗು ಕ್ಯಾಮನ್ನು ಕೆಳಕ್ಕೆ ಒತ್ತುತ್ತದೆ. ಹಾಗಾಗಿ ಬುಶ್‌ನ ಕೆಳ ಅರ್ಧಕ್ಕೆ ಭಾರ. ಕ್ಯಾಮಿನ ಮೇಲೆ ರಾಕರ್ ಕೂತಿರುವ ಮಾರುತಿ 800ರಂಥ ಹೆಡ್ಡಿನಲ್ಲೂ ಒತ್ತಡ ಕೆಳಕ್ಕೇ. ಕ್ಯಾಮ್ ನೇರವಾಗಿ ಬಕೆಟ್ ಟ್ಯಾಪೆಟ್ಟಿನ ಮೇಲೆ ಕೂರುವ ಎಂಜಿನ್ನುಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಸ್ಪ್ರಿಂಗು ಕ್ಯಾಮನ್ನು ಮೇಲಕ್ಕೆ ನೂಕುತ್ತದೆ, ಭಾರ ಹೊರುವುದು ಕ್ಯಾಪ್. ಹೆಡ್ಡಿನ ಕಡೆಯ ಅರ್ಧದಲ್ಲಿ ಬಿದ್ದ ಗೀರು ಬಹುಪಾಲು ನಿರುಪದ್ರವಿ. ಅದೇ ಗೀರು ಕ್ಯಾಪಿನಲ್ಲಿದ್ದರೆ ಯೋಚಿಸಬೇಕು. ಮುಂದಿನ ಜರ್ನಲ್, ಅಂದರೆ ಬೇರಿಂಗಿನೊಳಗೆ ತಿರುಗುವ ಶಾಫ್ಟಿನ ಭಾಗ, ಇದಕ್ಕೆ ಅಪವಾದ. ಟೈಮಿಂಗ್ ಚೈನು ಅಥವಾ ಬೆಲ್ಟು ಅದನ್ನು ಕ್ರ್ಯಾಂಕಿನ ಕಡೆಗೆ ಜಗ್ಗುವುದರಿಂದ ಅಲ್ಲಿ ಎರಡೂ ಮಗ್ಗುಲನ್ನು ನೋಡಬೇಕು.

ಇನ್ನು ದಿಕ್ಕು. ಸುತ್ತ ಬಳಸಿದ ಗೆರೆ ಬೇರೆ, ಉದ್ದಕ್ಕೆ ಹೋದ ಗೆರೆ ಬೇರೆ. ಸುತ್ತುಗೆರೆ ಎಣ್ಣೆಯನ್ನು ಹೊರಗೆ ಸುರಿಸುವುದಿಲ್ಲ, ಆದರೆ ಒತ್ತಡದ ಪದರವನ್ನು ಎರಡು ಹೋಳು ಮಾಡುತ್ತದೆ. ಡುಬಾಯ್ ಮತ್ತು ಓಕ್ವಿರ್ಕ್ 1953ರಲ್ಲಿ ಪ್ರಕಟಿಸಿದ ಕಿರು-ಬೇರಿಂಗ್ ಸಿದ್ಧಾಂತದ ಪ್ರಕಾರ, ಉಳಿದದ್ದೆಲ್ಲ ಹಾಗೇ ಇದ್ದರೆ, ಹೊರುವ ಶಕ್ತಿ ಬೇರಿಂಗಿನ ಉದ್ದದ ಘನಕ್ಕೆ ಅನುಗುಣ. ನಟ್ಟನಡುವೆ ಆಳವಾದ ತೋಡು ಬಿದ್ದರೆ ಅರ್ಧ ಉದ್ದದ ಎರಡು ಬೇರಿಂಗುಗಳಾದವು. ಒಂದೊಂದು ಎಂಟನೇ ಒಂದು ಪಾಲು ಹೊತ್ತರೆ ಎರಡೂ ಕೂಡಿ ಮೊದಲಿನ ಕಾಲು ಭಾಗ. ಕೇಳಲು ಭಯಂಕರ. ಆದರೆ ಕ್ಯಾಮ್ ಬೇರಿಂಗಿನಲ್ಲಿ ಶಕ್ತಿ ಅಗತ್ಯಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಮೇಲಾಗಿ ಕೂದಲೆಳೆಯಂಥ ಗೀರು ಪೂರ್ತಿ ತೋಡಿನಂತೆ ವರ್ತಿಸುವುದಿಲ್ಲ.

ಉದ್ದಗೆರೆ ಹಾಗಲ್ಲ, ಅದು ಎಣ್ಣೆಗೆ ಹೊರಗೆ ಹೋಗಲು ನೇರ ಕಾಲುವೆ. ಸೋರಿಕೆ ಸಂದಿಯ ಘನಕ್ಕೆ ಅನುಗುಣವಾಗಿ ಏರುತ್ತದೆ: ಸಂದಿ ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಹೆಡ್ಡಿಗೆ ಎಣ್ಣೆ ತಲುಪುವುದು ದಾರಿಯ ಕೊನೆಯಲ್ಲಿ. ಮೊದಲ ಜರ್ನಲ್ಲಿನಲ್ಲೇ ಸುರಿದುಹೋದರೆ ಕೊನೆಯದಕ್ಕೆ ಬರ.

ಈ ಉದ್ದಗೆರೆ ಬೀಳುವುದು ಹೆಚ್ಚಾಗಿ ಎಂಜಿನ್ ಓಡುವಾಗಲ್ಲ, ನಾವು ಬಿಚ್ಚುವಾಗ ಅಥವಾ ಕಟ್ಟುವಾಗ. ಬ್ಲಾಕನ್ನು ಮಲಗಿಸಿಕೊಂಡು ಕ್ಯಾಮನ್ನು ಒಂದು ತುದಿಯಿಂದ ಎಳೆದರೆ ಲೋಬಿನ ಚೂಪಂಚು ಮೆತ್ತನೆಯ ಬುಶ್‌ಗೆ ಉಳಿಯಂತೆ ತಗಲುತ್ತದೆ. ಬ್ಲಾಕನ್ನು ನೆಟ್ಟಗೆ ನಿಲ್ಲಿಸಿ, ಕ್ಯಾಮಿನ ಮೂತಿಗೆ ಉದ್ದ ಬೋಲ್ಟೊಂದನ್ನು ಹಿಡಿಯಾಗಿ ತಿರುಪಿ, ಬಾವಿಗೆ ಕೊಡ ಇಳಿಸುವ ಹಾಗೆ ನಿಧಾನ ಇಳಿಸಿದರೆ ಈ ಪ್ರಸಂಗವೇ ಬರದು. ಐದು ನಿಮಿಷದ ಕೆಲಸ. ಅವಸರದಲ್ಲಿ ಯಾರೂ ಮಾಡುವುದಿಲ್ಲ.

ಕಂಪನಿ ಪುಸ್ತಕದ ಪಂಥ

ಕಂಪನಿಯ ಸರ್ವಿಸ್ ಪುಸ್ತಕಗಳ ನಿಲುವು ಸರಳ: ಗೀರು, ಗುಳಿ, ಸವೆತ ಕಂಡರೆ ಬದಲಿಸಿ. ಇದರ ಬೆನ್ನಿಗಿರುವುದು ಅಳತೆ. ಎಂಟು ವಾಲ್ವಿನ ಹಳೆಯ ಸುಜುಕಿ ಜಿ13 ಎಂಜಿನ್ನಿಗೆ ಜರ್ನಲ್ಲಿನ ಸಂದಿ 0.050ರಿಂದ 0.091 ಮಿಲಿಮೀಟರ್, ಮಿತಿ 0.15. ಕ್ಯಾಪ್ ಇರುವ ಹೆಡ್ಡಾದರೆ ಪ್ಲಾಸ್ಟಿಗೇಜಿನ ಎಳೆ ಇಟ್ಟು, ಕ್ಯಾಪ್ ಬಿಗಿದು, ಬಿಚ್ಚಿ, ಚಪ್ಪಟೆಯಾದ ಅಗಲ ನೋಡಿದರಾಯಿತು. ಹಸಿರು ಎಳೆ 0.025ರಿಂದ 0.076 ಮಿ.ಮೀ.ವರೆಗೆ ಹೇಳುತ್ತದೆ, ಕೆಂಪು 0.051ರಿಂದ 0.152ರವರೆಗೆ. ಸುರಂಗದ ಹೆಡ್ಡಿನಲ್ಲಿ ಈ ಆಟ ನಡೆಯದು, ಬೋರ್ ಗೇಜು ಮತ್ತು ಮೈಕ್ರೋಮೀಟರೇ ಗತಿ.

ಈ ಪಂಥ ಸವೆತವನ್ನು ಚೆನ್ನಾಗಿ ವಿವರಿಸುತ್ತದೆ, ಗೀರನ್ನು ವಿವರಿಸುವುದಿಲ್ಲ. ಸಂದಿಯ ಮಿತಿ ಅಂಕಿಯಲ್ಲಿದೆ. ಗೀರಿನ ವಿಷಯಕ್ಕೆ ಬಂದರೆ ಎಷ್ಟು ಆಳ, ಎಷ್ಟು ಅಗಲ, ಯಾವ ದಿಕ್ಕು ಎಂದು ಹೇಳದೆ ‘ಬದಲಿಸಿ’ ಎಂಬ ಒಂದೇ ಆಜ್ಞೆ. ಕಂಪನಿಯ ದೃಷ್ಟಿಯಿಂದ ಅದು ಸರಿಯೇ. ಸಾವಿರ ಊರುಗಳ ಸಾವಿರ ಕೈಗಳಿಗೆ ಬರೆದ ಪುಸ್ತಕ ವಿವೇಚನೆಯನ್ನು ನಂಬುವಂತಿಲ್ಲ, ವಾರಂಟಿ ಕೊಡುವವನು ಅನುಮಾನವನ್ನು ಹೊಸ ಭಾಗದಿಂದಲೇ ಬಗೆಹರಿಸಬೇಕು. ಹದಿನೈದು ವರ್ಷದ ಗಾಡಿಯ ಮಾಲೀಕನಿಗೆ ಈ ಆಜ್ಞೆ ಪಾಲಿಸಲಾಗದು, ಹೊಸ ಹೆಡ್ಡಿನ ಬೆಲೆ ಗಾಡಿಯ ಬೆಲೆಯ ಹತ್ತಿರ ಬಂದುಬಿಡುತ್ತದೆ. ಆತ ಆಪೆರಾ ಹೌಸಿನ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ, ಕೊನೆಗೆ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹಳೆಯ ಹೆಡ್ಡೊಂದನ್ನು ಹಿಡಿದು ತರುತ್ತಾನೆ. ಅದರೊಳಗೂ ಗೀರು ಇರುವ ಸಾಧ್ಯತೆ ಕಡಿಮೆಯೇನಲ್ಲ.

ಉಗುರಿನ ಪಂಥ

ಚಾರ್ಕೋಪಿನ ಗಾಳಾವೊಂದರಲ್ಲಿ ಕುಂದಾಪುರದ ಕಡೆಯ ವಯಸ್ಸಾದ ಫಿಟ್ಟರರೊಬ್ಬರು ಹೆಡ್ಡನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನ ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯುವುದನ್ನು ನೋಡಿದ್ದೇನೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಎರಡು ಸಲ ಯಾಕೆ ಎಂದು ಕೇಳಿದ್ದಕ್ಕೆ ಅವರೆಂದದ್ದು: “ಗುಂಡಿ ಇದ್ದರೆ ಇರಲಿ ಮಾರಾಯ್ರೆ, ಎಣ್ಣೆ ನಿಲ್ತದೆ. ಗುಂಡಿ ಪಕ್ಕ ದಂಡೆ ಎದ್ದಿರ್ತದಲ್ಲ, ಕೊಲ್ಲುವುದು ಅದು.” ಆಮೇಲೆ ಜರ್ನಲ್ಲಿಗೆ ತೆಳ್ಳಗೆ ಗುರುತಿನ ನೀಲಿ ಹಚ್ಚಿ, ಕ್ಯಾಮ್ ಕೂರಿಸಿ, ಎರಡು ಸುತ್ತು ತಿರುಗಿಸಿ ತೆಗೆದರು. ಗೀರಿನ ಎರಡೂ ದಡದಲ್ಲಿ ನೀಲಿಯ ಗೆರೆ ಅಚ್ಚಾಗಿತ್ತು. ಮೂರು ಮೂಲೆಯ ಸ್ಕ್ರೇಪರಿನಿಂದ ಆ ದಡಗಳನ್ನಷ್ಟೇ ಸವರಿ ಮತ್ತೆ ನೀಲಿ ಹಚ್ಚಿ ನೋಡಿದರು. ಕಣಿವೆಯ ತಂಟೆಗೇ ಹೋಗಲಿಲ್ಲ.

ಪುಸ್ತಕಗಳು ಬಿಟ್ಟ ಜಾಗವನ್ನು ಉಗುರಿನ ಪಂಥ ತುಂಬುವುದು ಹೀಗೆ. ಮೆತ್ತನೆಯ ಲೋಹ ಗೀರಿದಾಗ ಸರಿದ ಲೋಹ ಅಕ್ಕಪಕ್ಕ ಏಣಾಗಿ ಏಳುತ್ತದೆ, ಎಣ್ಣೆಯ ಪದರವನ್ನು ಮೊದಲು ಭೇದಿಸುವುದು ಆ ಏಣು. ಗೀರು ಬೇರಿಂಗಿನಲ್ಲಿದೆಯೋ ಶಾಫ್ಟಿನಲ್ಲಿದೆಯೋ ಎಂಬುದನ್ನೂ ಇವರು ಬೇರೆ ಮಾಡಿ ನೋಡುತ್ತಾರೆ. ಬೇರಿಂಗಿನ ಏಣು ನಿಂತಲ್ಲೇ ನಿಂತಿರುತ್ತದೆ, ಶಾಫ್ಟಿನ ಏಣು ಪ್ರತಿ ಸುತ್ತಿಗೂ ಇಡೀ ಬೇರಿಂಗನ್ನು ಕೆರೆಯುತ್ತದೆ. ಎರಡನೆಯದಕ್ಕೆ ಕ್ಷಮೆ ಇಲ್ಲ.

ಇದೇ ಪಂಥದ ಅಗ್ಗದ ಶಾಖೆಯೊಂದಿದೆ: ಎಮರಿ ಕಾಗದ ಸುತ್ತಿ ಮೈಯೆಲ್ಲ ‘ಪಾಲಿಶ್’ ಮಾಡುವುದು. ಇದನ್ನು ನಾನು ಖಡಾಖಂಡಿತ ಒಪ್ಪುವುದಿಲ್ಲ. ಎಮರಿಯ ಹರಳು ಅಲ್ಯೂಮಿನಿಯಂನಲ್ಲೂ ವೈಟ್ ಮೆಟಲ್ಲಿನಲ್ಲೂ ಹೂತು ಕುಳಿತು ಮುಂದೆ ಶಾಫ್ಟನ್ನು ಅರೆಯುತ್ತದೆ. ನೋಡಲು ಗೀರಿಲ್ಲದ, ಹೊಳೆಯುವ, ಕೆಟ್ಟ ಬೇರಿಂಗು. ಎಣ್ಣೆಯಲ್ಲಿನ ಜಿಂಕ್ ಎಲ್ಲವನ್ನೂ ಕಾಪಾಡುತ್ತದೆ ಎನ್ನುವವರೂ ಇದ್ದಾರೆ. ಜಿಂಕಿನ ಚರ್ಚೆ ಲೋಬು ಮತ್ತು ಟ್ಯಾಪೆಟ್ಟಿಗೆ ಸೇರಿದ್ದು, ಜರ್ನಲ್ಲಿಗೆ ಅದರಿಂದ ಆಗಬೇಕಾದದ್ದು ಕಡಿಮೆ.

ಮಷೀನ್ ಶಾಪಿನ ಪಂಥ

ಬ್ಲಾಕಿನಲ್ಲಿ ಬುಶ್ ಇದ್ದರೆ ವಾದವೇ ಇಲ್ಲ, ತೆಗೆದು ಹೊಸದು ಬಡಿಯಿರಿ. ಎಣ್ಣೆಯ ತೂತು ತೂತಿಗೆ ಸೇರಬೇಕು, ಅಂಬಾಸಿಡರಿನಂಥ ಎಂಜಿನ್ನಿನಲ್ಲಿ ಮೂರೂ ಬುಶ್‌ಗಳನ್ನು ಒಂದೇ ಗೆರೆಯಲ್ಲಿ ರೀಮ್ ಮಾಡಬೇಕು. ಆ ಉದ್ದ ರೀಮರ್ ಇಟ್ಟುಕೊಂಡವರು ಕಡಿಮೆಯಾಗುತ್ತಿದ್ದಾರೆ.

ಕ್ಯಾಪ್ ಇರುವ ಹೆಡ್ಡಿಗೆ ಬೇರೆ ಉಪಾಯ. ಕ್ಯಾಪುಗಳ ಅಡಿಯನ್ನು ಸ್ವಲ್ಪ ಮಿಲ್ ಮಾಡಿ, ಬಿಗಿದು, ಮತ್ತೆ ಮೂಲ ಅಳತೆಗೆ ಲೈನ್ ಬೋರ್ ಮಾಡುವುದು. ಕ್ಯಾಮಿನ ಅಕ್ಷ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಚೈನು ಅಷ್ಟು ಸಡಿಲ, ಟೈಮಿಂಗ್ ಅಷ್ಟು ಹಿಂದೆ. ಸಾಮಾನ್ಯ ಗಾಡಿಗೆ ನಡೆಯುತ್ತದೆ. ನಿಜವಾದ ತಲೆನೋವು ಸುರಂಗದ ಅಲ್ಯೂಮಿನಿಯಂ ಹೆಡ್ಡು: ದೊಡ್ಡದಾಗಿ ಕೊರೆದು ಬುಶ್ ಕೂರಿಸಬೇಕು. ಒಂದು ಡಿಗ್ರಿ ಬಿಸಿಗೆ ಅಲ್ಯೂಮಿನಿಯಂ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗಿದರೆ ಉಕ್ಕು ಸುಮಾರು 12. ಹೊರ ಅಳತೆ 45 ಮಿ.ಮೀ. ಇರುವ ಉಕ್ಕಿನ ಬೆನ್ನಿನ ಬುಶ್, ಎಂಜಿನ್ 80 ಡಿಗ್ರಿ ಬಿಸಿಯೇರುವಾಗ, ಸುಮಾರು 0.04 ಮಿ.ಮೀ. ಬಿಗಿತ ಕಳೆದುಕೊಳ್ಳುತ್ತದೆ. ತಣ್ಣಗಿದ್ದಾಗ ಅದಕ್ಕಿಂತ ಬಿಗಿಯಾಗಿ ಕೂರಿಸದಿದ್ದರೆ ಬುಶ್ ಒಂದು ದಿನ ಶಾಫ್ಟಿನ ಜೊತೆ ತಿರುಗಿ ಎಣ್ಣೆಯ ತೂತನ್ನೇ ಮುಚ್ಚುತ್ತದೆ. ಕಂಚಿನ ಬುಶ್ ಸುಮಾರು 18 ಮೈಕ್ರಾನ್ ಹಿಗ್ಗುವುದರಿಂದ ಕಷ್ಟ ಅರ್ಧದಷ್ಟು. ಬಲ್ಲವರು ಪಿನ್ ಹೊಡೆಯುತ್ತಾರೆ. ಒಳ್ಳೆಯ ಕೈಯಲ್ಲಿ ಇದು ಹೊಸ ಹೆಡ್ಡಿಗೆ ಸಮ, ಸುಮಾರು ಕೈಯಲ್ಲಿ ಮೊದಲಿನ ಗೀರಿಗಿಂತ ಅಪಾಯ. ಇಡೀ ಪಂಥ ಮನುಷ್ಯನ ಮೇಲೆ ನಿಂತಿದೆ.

ಗೀರಿದ್ದು ಯಾರು?

ನನ್ನ ಒಲವು ಇನ್ನೊಂದು ಗುಂಪಿನ ಕಡೆಗೆ. ಅವರು ಗೀರನ್ನು ರೋಗವೆಂದು ನೋಡುವುದಿಲ್ಲ, ಲಕ್ಷಣವೆಂದು ನೋಡುತ್ತಾರೆ. ಎಲ್ಲ ಜರ್ನಲ್ಲುಗಳಲ್ಲೂ ಸಣ್ಣ ಸುತ್ತುಗೆರೆಗಳಿದ್ದರೆ ಎಣ್ಣೆಯಲ್ಲಿ ಕಸವಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಉಪನಗರಗಳು ಮುಳುಗಿದ ಮೇಲೆ ಬಿಚ್ಚಿದ ಎಂಜಿನ್ನುಗಳಲ್ಲಿ ಮಿಸ್ತ್ರಿಗಳು ಕಂಡದ್ದು ಈ ಬಗೆಯದು: ಕೆಸರು ಬೆರೆತು ಬೆಳ್ಳಗಾದ ಎಣ್ಣೆ, ಅದು ಹೋದಲ್ಲೆಲ್ಲ ಗೆರೆ. ಬೋರಿಂಗ್ ಮುಗಿಸಿ ಬಂದ ಬ್ಲಾಕೂ ಇದನ್ನೇ ಮಾಡಬಲ್ಲದು. ಹೋನಿಂಗಿನ ಹರಳು ಗ್ಯಾಲರಿಯೊಳಗೆ ಉಳಿದಿರುತ್ತದೆ. ಸೀಮೆಎಣ್ಣೆಗೆ ಅದು ಬಗ್ಗದು. ಗ್ಯಾಲರಿಯ ಪ್ಲಗ್ ತೆಗೆದು, ಬಿಸಿನೀರು-ಸೋಪಿನಲ್ಲಿ ಬ್ರಶ್ ಹಾಕಿ, ಬಿಳಿ ಬಟ್ಟೆ ಕಪ್ಪಾಗದಷ್ಟು ತೊಳೆಯಬೇಕು. ಇದನ್ನು ಬಿಟ್ಟು ಹೊಸ ಹೆಡ್ಡು ಕೂರಿಸಿದವರು ಹೊಸ ಹೆಡ್ಡಿಗೂ ಗೀರು ಹಾಕಿಸಿಕೊಳ್ಳುತ್ತಾರೆ.

ನಡುವಿನ ಜರ್ನಲ್ಲುಗಳಲ್ಲಿ ಮಾತ್ರ ಗೀರಿದ್ದರೆ ಕಸವನ್ನು ಬೈಯಬೇಡಿ, ಹೆಡ್ಡು ಬಾಗಿದೆ. ನೀರು ಖಾಲಿಯಾಗಿ ಕಾದು ಬಾಗಿದ ಹೆಡ್ಡನ್ನು ನಾವು ಅಡಿಭಾಗ ಫೇಸಿಂಗ್ ಮಾಡಿಸಿ ಸಪಾಟು ಮಾಡುತ್ತೇವೆ. ಮೇಲಿನ ಕ್ಯಾಮ್ ಸಾಲು ಬಾಗಿದಂತೆಯೇ ಉಳಿಯುತ್ತದೆ. ರಾಕರು, ಟ್ಯಾಪೆಟ್ಟುಗಳಿಲ್ಲದೆ ಬರಿಯ ಕ್ಯಾಮನ್ನು ಕೂರಿಸಿ ಬೆರಳಲ್ಲಿ ತಿರುಗಿಸಿದಾಗ ಅದು ಸಲೀಸಾಗಿ ತಿರುಗಬೇಕು. ಹಿಡಿದರೆ ಆ ಹೆಡ್ಡಿಗೆ ಮೊದಲು ಬೇಕಾದದ್ದು ನೆಟ್ಟಗಾಗುವುದು, ಗೀರಿನ ಮಾತು ಆಮೇಲೆ.

ಕಾರಣ ಹುಡುಕುವುದು ದೊಡ್ಡವರಿಗೂ ಸುಲಭವಿರಲಿಲ್ಲ. 1980ರ ದಶಕದ ಆರಂಭದ ಹೋಂಡಾ ವಿಎಫ್750 ಮೋಟಾರ್‌ಸೈಕಲ್ಲುಗಳಲ್ಲಿ ಕ್ಯಾಮಿನ ಲೋಬುಗಳು ಗುಳಿಬಿದ್ದು ಹಾಳಾದಾಗ ಒಬ್ಬರು ಲೋಹವನ್ನು ದೂರಿದರು, ಒಬ್ಬರು ಎಣ್ಣೆಯ ದಾರಿಯನ್ನು, ಒಬ್ಬರು ಟ್ಯಾಪೆಟ್ ಹೊಂದಿಸುವ ಕೈಯನ್ನು. ಕ್ಯಾಪುಗಳನ್ನು ಹೆಡ್ಡಿನ ಜೊತೆಗೂಡಿಸಿ ಲೈನ್ ಬೋರ್ ಮಾಡದೆ ಇದ್ದುದರಿಂದ ಕ್ಯಾಮ್ ತನ್ನ ಗೂಡಿನಲ್ಲೇ ಕುಣಿಯುತ್ತಿತ್ತು ಎಂಬ ವಿವರಣೆಗೆ ಈಗ ಹೆಚ್ಚು ಮಾನ್ಯತೆ. ಲೋಬಿನ ಕಾಯಿಲೆಯ ಬೇರು ಬೇರಿಂಗಿನಲ್ಲಿತ್ತು.

ಬಗೆಹರಿಯದೆ ಉಳಿದದ್ದು

ಇಂಥ ಎಂಜಿನ್ನಿಗೆ, ಇಂಥ ಜರ್ನಲ್ಲಿಗೆ, ಇಂಥ ದಿಕ್ಕಿನಲ್ಲಿ ಎಷ್ಟು ಮೈಕ್ರಾನ್ ಆಳದವರೆಗೆ ಗೀರು ಇರಬಹುದು ಎಂದು ಸರ್ವಿಸ್ ಪುಸ್ತಕಗಳು ಹೇಳುವುದಿಲ್ಲ. ಮೇಲ್ಮೈಯ ಒರಟುತನ ಅಳೆಯುವ ಸರಾಸರಿ ಅಂಕಿ ಒಂಟಿ ಗೀರನ್ನು ಸರಾಸರಿಯಲ್ಲಿ ಮುಳುಗಿಸಿಬಿಡುತ್ತದೆ. ಉಗುರಿಗೆ ಅಂಕಿಯೇ ಇಲ್ಲ, ಹತ್ತು ಉಗುರುಗಳು ಹತ್ತು ತೀರ್ಪು ಕೊಡಬಹುದು.

ಎರಡನೆಯದು ಐಡ್ಲಿಂಗಿನ ಪ್ರಶ್ನೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತ ನಿಂತಾಗ ಕ್ಯಾಮಿನದು 400. ಎಣ್ಣೆಯ ಪದರ ಅತಿ ತೆಳುವಾಗಿರುವುದು ಆಗಲೇ. ಊರೂರು ಸುತ್ತುವ ಗಾಡಿಯಲ್ಲಿ ವರ್ಷಗಟ್ಟಲೆ ಬಾಳಿದ ಗೀರಿನ ಹೆಡ್ಡು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಟ್ರಾಫಿಕ್ಕಿನಲ್ಲಿ ತಾಸುಗಟ್ಟಲೆ ನಿಲ್ಲುವ ಗಾಡಿಯಲ್ಲೂ ಅಷ್ಟೇ ಬಾಳುತ್ತದೆಯೇ? ಅನುಭವದ ಮಾತುಗಳು ಎರಡೂ ಕಡೆಗಿವೆ, ಪಕ್ಕಪಕ್ಕ ಇಟ್ಟು ತೂಗಿದ ಲೆಕ್ಕ ಗ್ಯಾರೇಜುಗಳಲ್ಲಿಲ್ಲ.

ಮೂರನೆಯದು ಹೊಸ ಎಂಜಿನ್ನುಗಳದು. ಕುಶಾಕ್, ಟೈಗುನ್ ಕಾರುಗಳಲ್ಲಿ ಬರುವ ಫೋಕ್ಸ್‌ವ್ಯಾಗನ್ ಬಳಗದ ಒಂದು ಲೀಟರ್ ಎಂಜಿನ್ನಿನಲ್ಲಿ ಕ್ಯಾಮ್‌ಗಳು ಮೇಲಿನ ಹೌಸಿಂಗಿನೊಳಗೇ ಕಾರ್ಖಾನೆಯಲ್ಲಿ ಜೋಡಣೆಯಾಗಿ ಬರುತ್ತವೆ, ಅವನ್ನು ಬಿಚ್ಚಿ ಹೊರತೆಗೆಯುವ ಏರ್ಪಾಡಿಲ್ಲ. ಅಲ್ಲಿ ಉಗುರಿಗೂ ನೀಲಿಗೂ ಸ್ಕ್ರೇಪರಿಗೂ ಪ್ರವೇಶವಿಲ್ಲ. ಗೀರು ಬಿದ್ದಿದೆಯೋ ಇಲ್ಲವೋ ಎಂಬುದನ್ನೇ ಎಣ್ಣೆಯ ಒತ್ತಡ ಮತ್ತು ಸದ್ದಿನಿಂದ ಊಹಿಸಬೇಕು. ಈ ಗಾಡಿಗಳು ವಾರಂಟಿ ಮುಗಿಸಿ ಚಾರ್ಕೋಪಿನ ಗಾಳಾಗಳಿಗೆ ಬರತೊಡಗಿವೆ. ಆ ಹೌಸಿಂಗನ್ನು ಸೀಳಿ ಮತ್ತೆ ಸೇರಿಸುವ ಉಪಾಯವನ್ನು ಅಲ್ಲಿ ಯಾರಾದರೂ ಕಂಡುಕೊಳ್ಳುತ್ತಾರೋ, ಅಥವಾ ಪುಸ್ತಕದ ‘ಬದಲಿಸಿ’ ಒಂದೇ ಉಳಿಯುತ್ತದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.